ಅಂಕೆ ಕೊಟ್ಟವರು ಅರ್ಥವನ್ನೂ ಕೊಡಲಿ

ಮೂವತ್ತೆಂಟರ ಹರೆಯದ ಮಹಿಳೆಯೋರ್ವಳ ರಕ್ತಪರೀಕ್ಷೆಯ ವರದಿ ಎಂದಿಟ್ಟುಕೊಳ್ಳೋಣ. ಸಿಎ-125 ಎಂಬ ಪರೀಕ್ಷೆಯ ಮುಂದೆ 60 ಎಂಬ ಅಂಕೆ ದಪ್ಪಕ್ಷರದಲ್ಲಿದೆ. ಸಾಮಾನ್ಯ ಮಿತಿ 35. ಆಕೆ ಕುಟುಂಬ ವೈದ್ಯರನ್ನು ತಲುಪುವುದಕ್ಕಿಂತ ಮೊದಲೇ ಮನೆಯೊಳಗೆ ಕ್ಯಾನ್ಸರ್ ಎಂಬ ಪದ ಪ್ರವೇಶಿಸಿರುತ್ತದೆ. ವೈದ್ಯರು ವರದಿಯ ಕೆಳಭಾಗವನ್ನು ನೋಡುತ್ತಾರೆ. ಅಲ್ಲಿರುವುದು ಒಂದೇ ವಾಕ್ಯ: ರೋಗಲಕ್ಷಣಗಳೊಂದಿಗೆ ಹೊಂದಿಸಿ ನೋಡಿರಿ.

ಈ ವಾಕ್ಯ ಸುಳ್ಳಲ್ಲ. ಆದರೆ ಇದು ಪ್ರಯೋಗಾಲಯವನ್ನು ರಕ್ಷಿಸುತ್ತದೆಯೇ ಹೊರತು ರೋಗಿಯನ್ನಲ್ಲ. ದಿನಕ್ಕೆ ನೂರಾರು ಜ್ವರ, ಕೆಮ್ಮುಗಳನ್ನು ನೋಡುವ ವೈದ್ಯರಿಗೆ ಟ್ಯೂಮರ್ ಮಾರ್ಕರ್‌ನ ಏರಿಳಿತ ನಿತ್ಯದ ಅನುಭವವಲ್ಲ. ಅದನ್ನು ಬಲ್ಲವರು ಪ್ರಯೋಗಾಲಯದ ತಜ್ಞರು. ಬಲ್ಲವರೇ ಮೌನ ವಹಿಸಿದರೆ ಹೇಗೆ?

ಸಿಎ-125 ಏರಲು ಕ್ಯಾನ್ಸರ್ ಬೇಕೆಂದಿಲ್ಲ. ಮುಟ್ಟು, ಗರ್ಭಧಾರಣೆ, ಎಂಡೊಮೆಟ್ರಿಯೋಸಿಸ್, ಯಕೃತ್ತಿನ ಕಾಯಿಲೆಗಳಲ್ಲೂ ಅದು ಏರಬಹುದು. ನಮ್ಮ ದೇಶದ ಮಟ್ಟಿಗೆ ಮುಖ್ಯವಾದ ಇನ್ನೊಂದು ಕಾರಣವಿದೆ. ಹೊಟ್ಟೆಯ ಒಳಪೊರೆಯ ಕ್ಷಯ. ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ನೂರಾರಕ್ಕೇರಿ, ಅಂಡಾಶಯದ ಕ್ಯಾನ್ಸರೆಂದೇ ಭಾವಿಸಿ ಶಸ್ತ್ರಚಿಕಿತ್ಸೆ ನಡೆಸಿದ ಬಳಿಕ ಅದು ಕ್ಷಯವೆಂದು ತಿಳಿದ ಪ್ರಕರಣಗಳು ಭಾರತದ ವೈದ್ಯಕೀಯ ನಿಯತಕಾಲಿಕಗಳಲ್ಲಿ ಹಲವು ಬಾರಿ ಪ್ರಕಟವಾಗಿವೆ. ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವ ಔಷಧಿಯಿಂದ ಗುಣವಾಗುವ ರೋಗವದು. 'ಕ್ಷಯದ ಸಾಧ್ಯತೆಯನ್ನು ಪರಿಶೀಲಿಸಿರಿ' ಎಂಬ ಮೂರು ಪದಗಳ ಟಿಪ್ಪಣಿಗೆ ಬೆಲೆ ಕಟ್ಟಲಾದೀತೇ?

ಅಪಾಯ ಇನ್ನೊಂದು ಮಗ್ಗುಲಲ್ಲೂ ಇದೆ. ಆರಂಭದ ಹಂತದ ಅಂಡಾಶಯದ ಕ್ಯಾನ್ಸರ್‌ನಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ಅಂಕೆ ಮಿತಿಯೊಳಗೇ ಇರುತ್ತದೆ. ಲೂಯಿಸ್ ಎಂಬ ರಕ್ತಗುಂಪಿನ ಅಂಶವಿಲ್ಲದವರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿದ್ದರೂ ಸಿಎ 19-9 ಏರುವುದಿಲ್ಲ. ಆದ್ದರಿಂದ ಸಹಜ ಅಂಕೆಯ ಕೆಳಗೂ ಟಿಪ್ಪಣಿ ಬೇಕು.

ಆ ಮೂವತ್ತೆಂಟರ ಮಹಿಳೆಯ ವರದಿಯಲ್ಲಿ ಏನು ಬರೆಯಬಹುದಿತ್ತು? ಮುಟ್ಟು ನಿಲ್ಲದ ಪ್ರಾಯದಲ್ಲಿ ಇಷ್ಟು ಏರಿಕೆಗೆ ಬೇರೆ ಕಾರಣಗಳೇ ಹೆಚ್ಚು. ಹೊಟ್ಟೆ ಉಬ್ಬರ, ಬೇಗನೆ ಹೊಟ್ಟೆ ತುಂಬಿದ ಅನುಭವ ಮುಂದುವರಿದಿದ್ದರೆ ಅಲ್ಟ್ರಾಸೌಂಡ್ ಮಾಡಿಸಿರಿ. ಇಲ್ಲದಿದ್ದರೆ ಮುಟ್ಟಿನ ದಿನಗಳನ್ನು ಬಿಟ್ಟು ಕೆಲವು ವಾರಗಳ ಬಳಿಕ ಇದೇ ಪ್ರಯೋಗಾಲಯದಲ್ಲಿ ಮರುಪರೀಕ್ಷಿಸಿರಿ. 'ಇದೇ ಪ್ರಯೋಗಾಲಯ' ಎಂಬುದು ವ್ಯಾಪಾರದ ಮಾತಲ್ಲ. ಯಂತ್ರ ಮತ್ತು ವಿಧಾನ ಬದಲಾದರೆ ಅಂಕೆಯೂ ಬದಲಾಗುತ್ತದೆ.

ರೋಗಿಯ ವಿವರವೇ ಗೊತ್ತಿಲ್ಲದೆ ಏನು ಬರೆಯುವುದೆಂದು ಪ್ರಯೋಗಾಲಯಗಳು ಕೇಳುತ್ತವೆ. ಆ ದೂರಿನಲ್ಲಿ ಹುರುಳಿದೆ. ಪರೀಕ್ಷೆಯ ಚೀಟಿಯಲ್ಲಿ ಹೆಸರು, ಪ್ರಾಯದ ಹೊರತು ಏನನ್ನೂ ಬರೆಯದ ವೈದ್ಯರೂ ಇಲ್ಲಿ ಹೊಣೆಗಾರರು. ಆದರೆ ವೈದ್ಯರೇ ಕೇಳದ ಪರೀಕ್ಷೆಗಳನ್ನು ರಿಯಾಯಿತಿ ದರದ 'ಸಂಪೂರ್ಣ ತಪಾಸಣೆ'ಯಲ್ಲಿ ಸೇರಿಸಿ ಮಾರುವವರು ಯಾರು? ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನವು, ರೋಗಲಕ್ಷಣವಿಲ್ಲದವರಲ್ಲಿ ಸಿಎ-125 ತಪಾಸಣೆಯಿಂದ ಅಂಡಾಶಯದ ಕ್ಯಾನ್ಸರ್ ಸಾವುಗಳು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ತಿಳಿಸಿತು. ತಪಾಸಣೆಯ ಜಾಹೀರಾತು ಫಲಕಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ವೈದ್ಯಕೀಯ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡಲು ಬಳಸುವ ಐಎಸ್‌ಒ 15189 ಮಾನದಂಡವು ಫಲಿತಾಂಶದ ಕುರಿತು ಸಲಹೆ ನೀಡುವುದನ್ನೂ ಪ್ರಯೋಗಾಲಯದ ಕೆಲಸವೆಂದೇ ಪರಿಗಣಿಸುತ್ತದೆ. ಮಾನ್ಯತೆಯ ಮುದ್ರೆಯನ್ನು ವರದಿಯ ತಲೆಯ ಮೇಲೆ ಮುದ್ರಿಸುವವರು, ಅದರ ಕೆಳಗೆ ಟಿಪ್ಪಣಿ ಬರೆದ ತಜ್ಞರ ಹೆಸರನ್ನೂ, ವೈದ್ಯರು ಕರೆ ಮಾಡಬಹುದಾದ ಒಂದು ದೂರವಾಣಿ ಸಂಖ್ಯೆಯನ್ನೂ ಮುದ್ರಿಸಲಿ.