ಗಲಾಟೆ ಮಾಡ್ಬೇಡಿ, ಮೀಟಿಂಗ್ ಇದೆ

ನಮ್ಮನೇಲಿ ಈಗ ಬೇಸಿಗೆ ರಜೆ. ಅಂದ್ರೆ ಮಕ್ಕಳಿಗೆ ರಜೆ, ನನಗಲ್ಲ. ದೊಡ್ಡೋನಿಗೆ ಆರು ವರ್ಷ, ಚಿಕ್ಕೋನಿಗೆ ಮೂರೂವರೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಹತ್ತಿರ ಹತ್ತಿರ 7 ವಾರ ಇಬ್ಬರೂ ಮನೇಲೇ. ಹೆಂಡತಿಗೆ ಬ್ಯಾಂಕ್ ಕೆಲಸ. ಕೌಂಟರ್ ಮುಂದೆ ಜನ ನಿಂತಿರ್ತಾರೆ, ಅವಳು ಹೋಗಲೇಬೇಕು. ನನ್ನದು ಸಾಫ್ಟ್‌ವೇರ್, ವಾರಕ್ಕೆ 2 ದಿನ ಆಫೀಸು, 3 ದಿನ ಮನೆ. ಆ ಎರಡು ದಿನ ಅತ್ತೆ ಪಾಪ ಮಲ್ಲೇಶ್ವರದಿಂದ ಹಸಿರು ಲೈನ್ ಮೆಟ್ರೋ ಹತ್ತಿ ಬನಶಂಕರಿಗೆ ಬರ್ತಾರೆ. ಉಳಿದ ಮೂರು ದಿನ ನಾನು, ಇಬ್ಬರು ಗಂಡು ಮಕ್ಕಳು, ಒಂದು ಲ್ಯಾಪ್‌ಟಾಪ್.

ಪ್ರತಿ ವರ್ಷ ಅರಸೀಕೆರೆಗೆ, ನಮ್ಮಮ್ಮನ ಹತ್ರ ಎರಡು ವಾರವಾದ್ರೂ ಕಳಿಸ್ತಿದ್ವಿ. ಈ ಸಲ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಅವರ ಕಣ್ಣಿಗೆ ಡ್ರಾಪ್ಸ್ ಹಾಕೋದೋ, ಇವರ ಹಿಂದೆ ಓಡೋದೋ? ಬೇಡ ಅಂದ್ವಿ. ಸಮ್ಮರ್ ಕ್ಯಾಂಪ್ ವಿಚಾರಿಸಿದ್ವಿ. ಇಬ್ಬರಿಗೂ ಸೇರಿ ಕೇಳಿದ ಫೀಸು ನಮ್ಮ ಮನೆ ಬಾಡಿಗೆಯ ಅರ್ಧಕ್ಕಿಂತ ಜಾಸ್ತಿ, ಅದೂ ಬೆಳಗ್ಗೆ ಎರಡೂವರೆ ಗಂಟೆಗೆ. ಅದೂ ಬೇಡ ಅಂದ್ವಿ.

ಇಂಜಿನಿಯರ್ ಅಲ್ವಾ, ಮೊದಲು ಎಕ್ಸೆಲ್ ಶೀಟ್ ಮಾಡಿದೆ. ಒಂಬತ್ತೂವರೆಗೆ ಡ್ರಾಯಿಂಗ್, ಹತ್ತೂವರೆಗೆ ಹಣ್ಣು, ಹನ್ನೊಂದಕ್ಕೆ ಕಥೆ ಪುಸ್ತಕ, ಒಂದಕ್ಕೆ ಮೊಸರನ್ನ, ಎರಡಕ್ಕೆ ನಿದ್ದೆ. ಬಣ್ಣ ಬಣ್ಣದ ಕಾಲಂ. ಫ್ರಿಜ್ ಮೇಲೆ ಅಂಟಿಸಿದೆ. ಮೊದಲನೇ ದಿನ ಒಂಬತ್ತು ಐವತ್ತಕ್ಕೇ ಅದು ಮುರಿದುಬಿತ್ತು. ಡ್ರಾಯಿಂಗ್ ಇಪ್ಪತ್ತು ನಿಮಿಷಕ್ಕೆ ಮುಗಿದಿತ್ತು, ಉಳಿದ ಡ್ರಾಯಿಂಗ್ ಗೋಡೆ ಮೇಲೆ ನಡೀತಿತ್ತು.

ಅಮ್ಮನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅವಳು ನಕ್ಕಳು. "ರಜೇಗೂ ಟೈಮ್ ಟೇಬಲ್ ಹಾಕ್ತಾರೇನೋ? ನಿಂಗೆ ನಾವು ಹಾಕಿದ್ವಾ? ನಾಲ್ಕು ಹುಣಸೆ ಬೀಜ ತಗೊಂಡು ಕಲ್ಲಿಗೆ ಉಜ್ಜು, ಚೌಕಾಬಾರ ಹೇಳ್ಕೊಡು."

ಸಾಂಬಾರಿಗೆ ತಂದ ಹುಣಸೆಹಣ್ಣಿನಲ್ಲಿ ಹುಡುಕಿ ನಾಲ್ಕು ಬೀಜ ತೆಗೆದ್ವಿ. ಬಾಲ್ಕನಿಯ ಒರಟು ನೆಲಕ್ಕೆ ಒಂದು ಪಕ್ಕ ಬೆಳ್ಳಗಾಗೋ ತನಕ ಉಜ್ಜಿದ್ವಿ. ಆ ಉಜ್ಜೋ ಕೆಲಸದಲ್ಲೇ ಮುಕ್ಕಾಲು ಗಂಟೆ ಹೋಯ್ತು. ಎಕ್ಸೆಲ್ ಶೀಟ್ ಕೈಲಿ ಆಗದ್ದನ್ನ ನಾಲ್ಕು ಬೀಜ ಮಾಡಿದ್ವು. ಹಾಲ್‌ನಲ್ಲಿ ಚಾಕ್‌ಪೀಸಿನಿಂದ ಐದಕ್ಕೆ ಐದು, 25 ಮನೆ. ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕೂ ಕಪ್ಪು ಬಿದ್ರೆ ಎಂಟು. ಎದುರಾಳಿ ಕಾಯಿ ಒಂದಾದ್ರೂ ಹೊಡೀದೆ ಒಳಮನೆಗೆ ಹೋಗೋ ಹಾಗಿಲ್ಲ. ದೊಡ್ಡೋನು ಎರಡು ದಿನಕ್ಕೆ ನನ್ನ ಸೋಲಿಸೋಕೆ ಶುರು ಮಾಡಿದ. ಚಿಕ್ಕೋನು ಬೀಜ ಎಸೆಯೋ ಡಿಪಾರ್ಟ್‌ಮೆಂಟು.

ಇನ್ನೊಂದು ಆಟ ನೀರಿಂದು. 2024ರ ಬೇಸಿಗೆ ಬೆಂಗಳೂರಲ್ಲಿ ಇದ್ದವರಿಗೆ ನೆನಪಿರತ್ತೆ. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ವರ್ಷ ಅದು. ಆಗಿನಿಂದ ನಮ್ಮನೇಲಿ ಒಂದು ನಿಯಮ ಇದೆ. ಆಟಕ್ಕೆ ಒಂದೇ ಬಕೆಟ್, ಆಟ ಮುಗಿದ ಮೇಲೆ ಆ ನೀರು ಗಿಡಕ್ಕೆ. ಬಕೆಟ್ ಮುಕ್ಕಾಲು ತುಂಬಿದ ತಕ್ಷಣ ನಲ್ಲಿ ನಿಲ್ಲಿಸೋ ಜವಾಬ್ದಾರಿ ಚಿಕ್ಕೋನದು. ಹಳೇ ಕಾಲದ ತಿರುಗಿಸೋ ನಲ್ಲಿ. ಎರಡೂ ಕೈಲಿ ಹಿಡಿದು, ತುಟಿ ಕಚ್ಚಿಕೊಂಡು ತಿರುಗಿಸ್ತಾನೆ. ಒಂದು ಹನಿ ಬಿದ್ರೂ ಅವಮಾನ ಅವನಿಗೆ.

"ಕಾವೇರಿ ನೀರು ಎಲ್ಲಿಂದ ಬರತ್ತೆ?" ಅಂತ ದೊಡ್ಡೋನು ಕೇಳಿದ. ಸುಮಾರು 100 ಕಿಲೋಮೀಟರ್ ದೂರದಿಂದ ಪೈಪಲ್ಲಿ ಬರತ್ತೆ, ಬೆಂಗಳೂರು ಎತ್ತರದಲ್ಲಿರೋದ್ರಿಂದ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಮೇಲಕ್ಕೆ ಪಂಪ್ ಮಾಡ್ಬೇಕು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಅದಕ್ಕೇ ನಿಧಾನಕ್ಕೆ ಬರತ್ತೆ" ಅಂದ. ಇನ್ನೊಂದು ದಿನ ಮಡಕೆ ಯಾಕೆ ಬೆವರತ್ತೆ ಅಂದ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ತೂತು ಇರತ್ತೆ, ನೀರು ಜಿನುಗಿ ಹೊರಗೆ ಬರತ್ತೆ, ಗಾಳಿಗೆ ಆರಿ ಹೋಗೋವಾಗ ಶಾಖಾನೂ ಎತ್ಕೊಂಡು ಹೋಗತ್ತೆ, ಅದಕ್ಕೇ ಒಳಗಿನ ನೀರು ತಣ್ಣಗಿರತ್ತೆ ಅಂದೆ. "ಹಾಗಾದ್ರೆ ನಾವು ಬೆವರಿದ್ರೂ ತಣ್ಣಗಾಗ್ಬೇಕಲ್ಲ?" "ಗಾಳಿ ಬಂದ್ರೆ ಆಗ್ತೀವಿ ಮಗನೇ." ಅವನು ತಲೆ ಆಡಿಸಿದ. ಇದನ್ನೆಲ್ಲ ಇಷ್ಟು ವಿವರವಾಗಿ ಹೇಳೋಕೆ ಕಾರಣ ಇದೆ, ಮುಂದೆ ಗೊತ್ತಾಗತ್ತೆ.

ಇಷ್ಟು ಓದಿ ಇವನು ಭಾರೀ ಒಳ್ಳೇ ಅಪ್ಪ ಅಂದ್ಕೊಂಡ್ರೆ, ನಿಜ ಹೇಳಿಬಿಡ್ತೀನಿ. ಈ ಆಟಗಳೆಲ್ಲ ಮೀಟಿಂಗ್ ಇಲ್ಲದ ಹೊತ್ತಿಗೆ. ಮೀಟಿಂಗ್ ಇದ್ರೆ ನಾನು ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ದೆ. ಕಾರ್ಟೂನ್ ಹಾಕಿಕೊಟ್ಟು, ಬೆರಳು ತುಟಿ ಮೇಲಿಟ್ಟು, "ಗಲಾಟೆ ಮಾಡ್ಬೇಡಿ, ಮೀಟಿಂಗ್ ಇದೆ" ಅಂತ ಹೇಳಿ ಲಾಕ್ ತಿರುಗಿಸ್ತಿದ್ದೆ. ದಿನಕ್ಕೆ ನಾಲ್ಕೈದು ಸಲ. ಮನೇಲಿ ಮಕ್ಕಳಿದ್ದಾರೆ ಅಂತ ಕಾಲ್‌ನಲ್ಲಿ ಯಾರಿಗೂ ಗೊತ್ತಾಗಬಾರದು, ಅಷ್ಟೇ ನನ್ನ ಯೋಚನೆ. ಮಾರ್ಚ್‌ನಲ್ಲಿ ನಮ್ಮ ಟೀಮಿನಿಂದ ಇಬ್ಬರನ್ನ ಕಳಿಸಿದ್ರು. ಇಬ್ಬರೂ ನನಗಿಂತ ಕಮ್ಮಿ ಕೆಲಸ ಮಾಡೋರಲ್ಲ. ಆಮೇಲೆ ನನ್ನ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿ ಆದ್ರೂ ಎದೆ ಢವಢವ ಅನ್ನತ್ತೆ. ಇಎಂಐ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕಳೆದ ಬುಧವಾರ ಮಧ್ಯಾಹ್ನ ಮೂರು ಗಂಟೆ. ಕರೆಂಟ್ ಹೋಗಿತ್ತು. ರೂಟರ್‌ಗೆ ಪುಟ್ಟ ಯುಪಿಎಸ್ ಇರೋದ್ರಿಂದ ಕಾಲ್ ನಡೀತಿತ್ತು. ಕ್ಲೈಂಟ್, ಮ್ಯಾನೇಜರ್, ಟೀಮು, ಎಲ್ಲಾ ಇದ್ರು. ನನ್ನ ಮಾತು ಮುಗಿದಿತ್ತು. ಅಷ್ಟರಲ್ಲಿ ನೀರಿನ ಕ್ಯಾನ್ ಹುಡುಗ ಬೆಲ್ ಮಾಡಿದ. ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಓಡಿದೆ. ಮ್ಯೂಟ್ ಮಾಡೋಕೆ ಮರೆತೆ. ಕ್ಯಾನ್ ಒಳಗಿಟ್ಟು, ದುಡ್ಡು ಕೊಟ್ಟು ತಿರುಗಿದ್ರೆ ರೂಮಿನ ಬಾಗಿಲು ಹಾಕಿದೆ. ಹ್ಯಾಂಡಲ್ ಒತ್ತಿದೆ. ತೆಗೀತಿಲ್ಲ.

ಒಳಗಿಂದ ಚಿಕ್ಕೋನ ದನಿ. "ಅಣ್ಣ, ಗಲಾಟೆ ಮಾಡ್ಬೇಡ, ಮೀಟಿಂಗ್ ಇದೆ!"

ಮೊದಲು ನಗು ಬಂತು. "ಪುಟ್ಟಾ, ಬಾಗಿಲು ತೆಗಿ ಕಂದ" ಅಂದೆ. ಲಾಕ್ ಅಲ್ಲಾಡಿಸೋ ಸದ್ದು. ಅವನಿಗೆ ಹಾಕೋದು ಗೊತ್ತಿತ್ತು, ದಿನಾ ನೋಡ್ತಿದ್ದ. ತೆಗೆಯೋದು ಗೊತ್ತಿರಲಿಲ್ಲ, ಯಾಕಂದ್ರೆ ತೆಗೆಯೋವಾಗ ಅವನು ಯಾವಾಗ್ಲೂ ಹೊರಗಡೆ ಇರ್ತಿದ್ದ. ಎರಡು ನಿಮಿಷಕ್ಕೆ ಅಳು ಶುರುವಾಯ್ತು.

ಬಾಗಿಲಿನ ಕೀ ಒಳಗೆ ಡ್ರಾಯರ್‌ನಲ್ಲಿ. ನನ್ನ ಫೋನ್ ಒಳಗೆ, ಮೇಜಿನ ಮೇಲೆ. ಕಿಟಕಿಗೆ ಗ್ರಿಲ್ ಇದೆ ಅನ್ನೋದೊಂದೇ ಸಮಾಧಾನ. ಫ್ಯಾನ್ ಇಲ್ಲ, ಪಶ್ಚಿಮದ ಬಿಸಿಲು ಬೀಳೋ ರೂಮು. "ಬಲಕ್ಕೆ ತಿರುಗಿಸು ಪುಟ್ಟ, ಬಲಕ್ಕೆ!" ಅಂತ ಕೂಗಿದೆ. ಮೂರೂವರೆ ವರ್ಷದವನಿಗೆ ಯಾವ ಬಲ, ಯಾವ ಎಡ? ನಾನು ಜೋರಾಗಿ ಕೂಗಿದಷ್ಟೂ ಅವನು ಜೋರಾಗಿ ಅತ್ತ. ಹೆಗಲು ಕೊಟ್ಟು ಒಂದು ಸಲ ದೂಡಿದೆ. ಆ ಸದ್ದಿಗೆ ಅವನು ಕಿಟಾರನೆ ಕಿರುಚಿದ. ನನ್ನ ಕೈ ನಡುಗ್ತಿತ್ತು. ದೊಡ್ಡೋನಿಗೆ ಇಲ್ಲೇ ಇರು ಅಂತ ಹೇಳಿ ಎದುರು ಮನೆ ಆಂಟಿ ಹತ್ರ ಫೋನ್ ಕೇಳೋಕೆ ಓಡಿದೆ. ಅವರಿಗೆ ಗೊತ್ತಿರೋ ಕಾರ್ಪೆಂಟರ್‌ಗೆ ಫೋನ್ ಮಾಡಿದ್ವಿ. "ಇಪ್ಪತ್ತು ನಿಮಿಷ ಸಾರ್" ಅಂದ.

ವಾಪಸ್ ಬಂದಾಗ ಅಳು ನಿಂತಿತ್ತು. ಒಂದು ಕ್ಷಣ ನನ್ನ ಉಸಿರೂ ನಿಂತುಹೋಯ್ತು.

ದೊಡ್ಡೋನು ನೆಲದ ಮೇಲೆ ಬೋರಲು ಮಲಗಿ, ಬಾಗಿಲ ಕೆಳಗಿನ ಸಂದಿಗೆ ಕೆನ್ನೆ ಒತ್ತಿಕೊಂಡಿದ್ದ. "ಪುಟ್ಟ, ಈಗ ನಾನು ಬೀಜ ತಳ್ತೀನಿ, ನೀನು ವಾಪಸ್ ತಳ್ಳು." ಹುಣಸೆ ಬೀಜ ಒಳಗೆ ಹೋಯ್ತು. ಹೊರಗೆ ಬಂತು. ಮತ್ತೆ ಹೋಯ್ತು. ಒಳಗಿಂದ ಬಿಕ್ಕಿ ಬಿಕ್ಕಿ ಒಂದು ಸಣ್ಣ ನಗು.

"ಸೆಕೆ ಆಗ್ತಿದ್ಯಾ? ಕಿಟಕಿ ಹತ್ರ ನಿಂತ್ಕೊಂಡು ಬಾ, ಗಾಳಿ ಬಂದ್ರೆ ಮಡಕೆ ಥರ ತಣ್ಣಗಾಗ್ತೀಯ." ಪುಟ್ಟ ಪಾದ ಆ ಕಡೆ ಹೋದ ಸದ್ದು, ಬಂದ ಸದ್ದು. "ಈಗ ನಲ್ಲಿ ನಿಲ್ಲಿಸ್ತೀಯಲ್ಲ, ಹಾಗೆ ಅದನ್ನ ತಿರುಗಿಸು. ಎರಡು ಕೈಲಿ. ಬಕೆಟ್ ತುಂಬೋಯ್ತು, ಬೇಗ ಬೇಗ!"

ಟಕ್ ಅಂತು. ಬಾಗಿಲು ತೆಗೀತು.

ಅವನು ನನ್ನ ಹತ್ರ ಬರಲಿಲ್ಲ. ಸೀದಾ ಅಣ್ಣನ್ನ ತಬ್ಬಿಕೊಂಡ. ಅಂಗಿ ಬೆವರಿ ತೊಪ್ಪೆಯಾಗಿತ್ತು. ನಾನು ಇಬ್ಬರನ್ನೂ ಸೇರಿಸಿ ಎತ್ಕೊಂಡೆ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಾರ್ಪೆಂಟರ್‌ಗೆ ಬರೋದು ಬೇಡ ಅಂತ ಆಂಟಿನೇ ಹೇಳಿದ್ರು.

ಆಮೇಲೆ ನೆನಪಾಯ್ತು, ಹೆಡ್‌ಸೆಟ್! ಮೇಜಿನ ಮೇಲಿದ್ದ ಮೈಕಿಗೆ ಎಲ್ಲಾ ಕೇಳಿಸಿತ್ತು. ಅವನು ನನ್ನ ಕುರ್ಚಿ ಹತ್ತಿ ನನ್ನ ಥರಾನೇ "ಹಲೋ, ಆಡಿಬಲ್ಲಾ?" ಅಂದಿದ್ದು, ಅತ್ತಿದ್ದು, ನಾನು ಬಾಗಿಲು ದೂಡಿದ್ದು. ಚಾಟ್‌ನಲ್ಲಿ ಸಾಲು ಸಾಲು ಮೆಸೇಜು. "ಮಗು ಆರಾಮಿದ್ಯಾ?", "ಫೋನ್ ಯಾಕೆ ಎತ್ತುತ್ತಿಲ್ಲ?" ಒಬ್ಬ ಮಾತ್ರ "ಮುಂದಿನ ಸಲ ಮ್ಯೂಟ್ ಮಾಡಿ" ಅಂತ ಹಾಕಿದ್ದ. ಅದೂ ಸರಿನೇ. ಮ್ಯಾನೇಜರ್ ಮೀಟಿಂಗನ್ನ ಮಾರನೇ ದಿನಕ್ಕೆ ಹಾಕಿ ಫೋನ್ ಮಾಡಿದ್ರು. ನಾನು ಸಾರಿ ಹೇಳೋಕೆ ಶುರು ಮಾಡಿದೆ. "ಮನೇಲಿ ಒಬ್ಬನೇ ಇಬ್ಬರನ್ನ ನೋಡ್ಕೊಳ್ತಿದೀಯ ಅಂತ ಹೇಳೇ ಇಲ್ವಲ್ಲ ನೀನು" ಅಂದ್ರು. ಹೌದು, ಹೇಳಿರಲಿಲ್ಲ. ಕೇಳಿದ್ರೆ ಏನಂದ್ಕೊಳ್ತಾರೋ ಅಂತ ಎರಡು ವಾರ ಬಾಗಿಲು ಹಾಕ್ಕೊಂಡಿದ್ದೆ. ಅವತ್ತು ಬಾಯಿಬಿಟ್ಟು ಕೇಳಿದೆ. ಮೇ ಮುಗಿಯೋ ತನಕ ಮಧ್ಯಾಹ್ನ 2ರಿಂದ 4 ನನಗೆ ಮೀಟಿಂಗ್ ಬೇಡ, ರಾತ್ರಿ ಮಕ್ಕಳು ಮಲಗಿದ ಮೇಲೆ ಕೆಲಸ ಮುಗಿಸ್ತೀನಿ ಅಂತ. ಒಪ್ಪಿದ್ರು. ವರ್ಷದ ಕೊನೆಗೆ ರೇಟಿಂಗ್ ಹಾಕೋವಾಗ ಇದು ಹೇಗೆ ನೆನಪಾಗತ್ತೋ, ಆಗ ನೋಡೋಣ.

ಸಂಜೆ ಹೆಂಡತಿಗೆ ಹೇಳಿದೆ. ಚಿಕ್ಕೋನನ್ನ ತೊಡೆ ಮೇಲೆ ಕೂರಿಸಿಕೊಂಡು ಪೂರ್ತಿ ಕೇಳಿದಳು. ಬೈಯ್ತಾಳೆ ಅಂದ್ಕೊಂಡಿದ್ದೆ, ಬೈಲಿಲ್ಲ. ಒಂದು ಹಳೇ ಟವಲ್ ತಂದು, ಬಾಗಿಲಿನ ಎರಡೂ ಕಡೆ ಹ್ಯಾಂಡಲ್‌ಗೆ ಸೇರಿಸಿ ಕಟ್ಟಿದಳು. ಈಗ ಬಾಗಿಲು ತಳ್ಳಿದ್ರೂ ಪೂರ್ತಿ ಮುಚ್ಚಲ್ಲ. ಕೀ ಹೊರಗೆ, ದೇವರ ಮನೆ ಪಕ್ಕದ ಮೊಳೆಗೆ, ನಮ್ಮ ಎತ್ತರದಲ್ಲಿ. ಬಾತ್‌ರೂಮಿನ ಕೆಳಗಿನ ಚಿಲಕ ಬಿಚ್ಚಿಸಿದ್ವಿ. ಐದು ನಿಮಿಷದ ಕೆಲಸ, ಮೂರು ವರ್ಷದಿಂದ ತಲೆಗೆ ಹೊಳೆದಿರಲಿಲ್ಲ.

ನೀವೂ ಇವತ್ತು ಒಂದ್ಸಲ ನೋಡಿ. ನಿಮ್ಮನೇ ರೂಮಿನ ಕೀ ಎಲ್ಲಿದೆ? ಮಗುವಿಗೆ ಲಾಕ್ ಹಾಕೋಕೆ ಬರತ್ತಾ? ಹಾಕೋಕೆ ಬಂದ್ರೆ, ತೆಗೆಯೋಕೆ ಬರತ್ತಾ? ಹೇಳ್ಕೊಡಿ, ಆದರೆ ಬಲ ಎಡ ಅಂತ ಹೇಳ್ಬೇಡಿ, ಅದಕ್ಕೆ ಗೊತ್ತಿರೋ ಕೆಲಸದ ಹೆಸರಲ್ಲಿ ಹೇಳಿ.

ಈಗ ನಾನು ಬಾಗಿಲು ಅರ್ಧ ತೆಗೆದೇ ಕೂರ್ತೀನಿ. ಕಾಲ್‌ನಲ್ಲಿ ಹಿಂದಿನಿಂದ "ಚೌಕಾ!" ಅಂತ ಕೂಗು ಕೇಳತ್ತೆ. ಮೊನ್ನೆ ನಮ್ಮ ಟೀಮಿನ ಧಾರವಾಡದ ಹುಡುಗಿ, "ಯಾರು ಗೆದ್ರು ಇವತ್ತು?" ಅಂತ ಕೇಳಿದಳು. ಎರಡು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ನಾನೂ ನೆಲದ ಮೇಲೆ ಕೂರ್ತೀನಿ. ಶಾಲೆ ಶುರುವಾಗೋಕೆ ಇನ್ನೂ ನಾಲ್ಕು ವಾರ ಇದೆ. ಸದ್ಯಕ್ಕೆ ನನ್ನ ನಾಲ್ಕು ಕಾಯಲ್ಲಿ ಮೂರು ಹೊರಗೇ ಇವೆ, ದೊಡ್ಡೋನದು ಎರಡು ಹಣ್ಣಾಗಿವೆ. ಚಿಕ್ಕೋನು ಬೀಜ ಕೈಯಲ್ಲಿಟ್ಟುಕೊಂಡು ಕಾಯ್ತಿದ್ದಾನೆ. ಬರ್ತೀನಿ.