ಐವಿಎಫ್ ಮಕ್ಕಳು ನಿಜಕ್ಕೂ ದುರ್ಬಲರೇ? ಫಾರ್ವರ್ಡ್‌ಗಳು ಹೇಳದೆ ಬಿಡುವ ಸಂಗತಿ

"ಟೆಸ್ಟ್ ಟ್ಯೂಬ್ ಮಕ್ಕಳಿಗೆ ಶಕ್ತಿ ಇರುವುದಿಲ್ಲ, ಬೇಗ ಕಾಯಿಲೆ ಬೀಳುತ್ತಾರೆ." "ಐವಿಎಫ್ ಇಂಜೆಕ್ಷನ್ ತೆಗೆದುಕೊಂಡ ಹೆಂಗಸರಿಗೆ ಕ್ಯಾನ್ಸರ್ ಖಚಿತ." "ಆ ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಮಕ್ಕಳಾಗುವುದಿಲ್ಲ."

ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇನ್ನೊಂದು ಬಗೆಯ ಸಂದೇಶಗಳೂ ಇವೆ: "ಒಂದೇ ಖರ್ಚಿನಲ್ಲಿ ಅವಳಿ ಮಕ್ಕಳು", "ವಯಸ್ಸು ಎಷ್ಟಾದರೂ ಚಿಂತೆಯಿಲ್ಲ". ಮೊದಲನೆಯವು ಹೆದರಿಸುತ್ತವೆ, ಎರಡನೆಯವು ಆಸೆ ಹುಟ್ಟಿಸುತ್ತವೆ. ಸಂಶೋಧನೆಗಳನ್ನು ಓದಿದರೆ, ಹೆಚ್ಚು ಎಚ್ಚರ ಬೇಕಾಗಿರುವುದು ಈ ಎರಡನೇ ಬಗೆಯ ಸಂದೇಶಗಳ ಬಗ್ಗೆಯೇ ಎಂದು ಗೊತ್ತಾಗುತ್ತದೆ. ಹೇಗೆ ಎಂದು ನೋಡೋಣ.

ಐವಿಎಫ್ ಎಂದರೇನು?

ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಮಹಿಳೆಯ ಅಂಡಾಶಯದಲ್ಲಿ ಒಮ್ಮೆಗೇ ಹಲವು ಅಂಡಾಣುಗಳು ಬೆಳೆಯುವಂತೆ ಮಾಡುತ್ತಾರೆ. ಅವನ್ನು ಹೊರತೆಗೆದು, ಲ್ಯಾಬ್‌ನಲ್ಲಿ ವೀರ್ಯಾಣುವಿನ ಜೊತೆ ಸೇರಿಸುತ್ತಾರೆ. ಹೀಗೆ ಉಂಟಾದ ಭ್ರೂಣವನ್ನು ಸಾಮಾನ್ಯವಾಗಿ 3ರಿಂದ 5 ದಿನಗಳ ನಂತರ ಗರ್ಭಕೋಶದೊಳಗೆ ಇಡುತ್ತಾರೆ. ಟೆಸ್ಟ್ ಟ್ಯೂಬ್ ಎಂಬ ಹೆಸರಿದ್ದರೂ ಬಳಸುವುದು ಚಿಕ್ಕ ತಟ್ಟೆಯನ್ನು. ಅಲ್ಲಿಂದ ಮುಂದೆ ಮಗು ಬೆಳೆಯುವುದು ತಾಯಿಯ ಹೊಟ್ಟೆಯಲ್ಲೇ.

ಈ ವಿಧಾನದಿಂದ ಹುಟ್ಟಿದ ಮೊದಲ ಮಗು ಇಂಗ್ಲೆಂಡಿನ ಲೂಯಿಸ್ ಬ್ರೌನ್. ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ 'ದುರ್ಗಾ' ಹುಟ್ಟಿದಳು. ಅವರ ಸಾಧನೆಯನ್ನು ಆಗ ಸರ್ಕಾರಿ ಸಮಿತಿ ನಂಬಲಿಲ್ಲ. ಮಾನ್ಯತೆ ಸಿಕ್ಕಿದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಇಂದು ಜಗತ್ತಿನಲ್ಲಿ ಹೀಗೆ ಹುಟ್ಟಿದವರ ಸಂಖ್ಯೆ 1 ಕೋಟಿ ದಾಟಿದೆ.

"ಅವರಿಗೆ ಮಕ್ಕಳಾಗುವುದಿಲ್ಲ" ಎಂಬ ಮಾತಿಗೆ ಉತ್ತರವೂ ಬ್ರೌನ್ ಕುಟುಂಬದಲ್ಲೇ ಇದೆ. ಲೂಯಿಸ್ ಮತ್ತು ಆಕೆಯ ತಂಗಿ ಇಬ್ಬರೂ ಹುಟ್ಟಿದ್ದು ಐವಿಎಫ್‌ನಿಂದ. ಇಬ್ಬರಿಗೂ ಯಾವ ಚಿಕಿತ್ಸೆಯೂ ಇಲ್ಲದೆ ಮಕ್ಕಳಾಗಿವೆ. ಆದರೆ ಒಂದು ಮಾತು ಸೇರಿಸಬೇಕು: ತಂದೆಯ ವೀರ್ಯಾಣು ಕೊರತೆಗೆ ವಂಶವಾಹಿಯ ದೋಷ ಕಾರಣವಾಗಿದ್ದರೆ ಅದು ಗಂಡುಮಗುವಿಗೂ ಬರಬಹುದು. ಅದು ತಂದೆಯಿಂದ ಬಂದದ್ದೇ ಹೊರತು ಲ್ಯಾಬ್‌ನಿಂದ ಬಂದದ್ದಲ್ಲ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ಐವಿಎಫ್ ಮಕ್ಕಳನ್ನು ಒಟ್ಟಾಗಿ ನೋಡಿದರೆ ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದು ಹೆಚ್ಚು. ಮುಖ್ಯ ಪ್ರಶ್ನೆ, ಇದು ಎಲ್ಲಿಂದ ಬರುತ್ತದೆ ಎಂಬುದು.

ಅತಿ ದೊಡ್ಡ ಕಾರಣ ಅವಳಿ-ತ್ರಿವಳಿ ಬಸಿರು. ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಲಿ ಎಂದು ಎರಡು-ಮೂರು ಭ್ರೂಣಗಳನ್ನು ಒಟ್ಟಿಗೆ ಇಟ್ಟಾಗ ಅವಳಿಗಳು ಹೆಚ್ಚುತ್ತವೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುತ್ತವೆ. ಒಟ್ಟು ಹೆರಿಗೆಗಳಲ್ಲಿ ಈ ಪ್ರಮಾಣ ಹತ್ತಕ್ಕೆ ಒಂದರಷ್ಟು. ಹೀಗೆ ಬೇಗ ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆ, ಎನ್‌ಐಸಿಯು ವಾಸ. ತಾಯಿಗೆ ಬಿಪಿ, ಬಸಿರಿನ ಸಕ್ಕರೆ ಕಾಯಿಲೆ, ಹೆಚ್ಚು ರಕ್ತಸ್ರಾವದ ಅಪಾಯ.

ಇದನ್ನು ತಪ್ಪಿಸಬಹುದೇ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ 661 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ಭ್ರೂಣ ಒಟ್ಟಿಗೆ. ಇನ್ನೊಂದಕ್ಕೆ ಒಂದೇ ಭ್ರೂಣ; ಅದು ಫಲಿಸದಿದ್ದರೆ ಮಾತ್ರ, ಶೈತ್ಯೀಕರಿಸಿಟ್ಟ ಇನ್ನೊಂದು. ಮಗು ಪಡೆದವರು ಮೊದಲ ಗುಂಪಿನಲ್ಲಿ ಶೇ. 42.9, ಎರಡನೆಯದರಲ್ಲಿ ಶೇ. 38.8. ವ್ಯತ್ಯಾಸ ದೊಡ್ಡದಲ್ಲ. ಆದರೆ ಆ ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ. 33.1, ಎರಡನೆಯದರಲ್ಲಿ ಕೇವಲ ಶೇ. 0.8.

"ಒಂದೇ ಖರ್ಚಿನಲ್ಲಿ ಎರಡು ಮಕ್ಕಳು" ಎಂಬ ಲಾಭದ ಲೆಕ್ಕ ಬಿಟ್ಟುಬಿಡುವುದು ಈ ಅಪಾಯವನ್ನೇ.

ಚಿಕಿತ್ಸೆಯ ಪರಿಣಾಮವೋ, ಮೊದಲೇ ಇದ್ದ ಸಮಸ್ಯೆಯದೋ?

ಐವಿಎಫ್ ಮಾಡಿಸಿಕೊಳ್ಳುವವರ ವಯಸ್ಸು ಸಾಮಾನ್ಯವಾಗಿ ಹೆಚ್ಚು. ಗರ್ಭ ನಿಲ್ಲದಿರಲು ಆರೋಗ್ಯದ ಕಾರಣವೊಂದು ಮೊದಲೇ ಇರುತ್ತದೆ. ಇದನ್ನು ಬೇರ್ಪಡಿಸಿ ನೋಡದೆ ಎಲ್ಲ ದೋಷವನ್ನೂ ಚಿಕಿತ್ಸೆಯ ತಲೆಗೆ ಕಟ್ಟಲಾಗದು.

ದಕ್ಷಿಣ ಆಸ್ಟ್ರೇಲಿಯಾದ 3 ಲಕ್ಷಕ್ಕೂ ಹೆಚ್ಚು ಜನನಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದ ಬರುವ ದೋಷಗಳು ನೆರವಿಲ್ಲದೆ ಬಸಿರಾದವರ ಮಕ್ಕಳಲ್ಲಿ ಶೇ. 5.8, ನೆರವಿನಿಂದ ಬಸಿರಾದವರ ಮಕ್ಕಳಲ್ಲಿ ಶೇ. 8.3 ಇದ್ದವು. ತಾಯಿಯ ವಯಸ್ಸು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಾಮಾನ್ಯ ಐವಿಎಫ್‌ನಲ್ಲಿ ಸ್ಪಷ್ಟ ವ್ಯತ್ಯಾಸ ಉಳಿಯಲಿಲ್ಲ. ವೀರ್ಯಾಣುವನ್ನು ನೇರವಾಗಿ ಅಂಡಾಣುವಿಗೆ ಚುಚ್ಚುವ ಇಕ್ಸಿ ವಿಧಾನದಲ್ಲಿ ಮಾತ್ರ ಉಳಿಯಿತು. ಮಕ್ಕಳಾಗಲು ತೊಂದರೆ ಅನುಭವಿಸಿ, ಕೊನೆಗೆ ಚಿಕಿತ್ಸೆಯಿಲ್ಲದೆಯೇ ಬಸಿರಾದವರ ಮಕ್ಕಳಲ್ಲೂ ದೋಷಗಳು ತುಸು ಹೆಚ್ಚೇ ಇದ್ದವು.

ನಾರ್ವೆಯ ಸಂಶೋಧಕರು 2008ರಲ್ಲಿ ಇನ್ನೊಂದು ದಾರಿ ಹಿಡಿದರು. ಒಂದು ಮಗುವನ್ನು ಸಹಜವಾಗಿ, ಇನ್ನೊಂದನ್ನು ಚಿಕಿತ್ಸೆಯಿಂದ ಪಡೆದ 2,546 ತಾಯಂದಿರ ಮಕ್ಕಳನ್ನೇ ಹೋಲಿಸಿದರು. ಒಡಹುಟ್ಟಿದವರ ನಡುವೆ ತೂಕದ ವ್ಯತ್ಯಾಸ ಬಹುಪಾಲು ಮಾಯವಾಯಿತು. ಮುಂದೆ ನಡೆದ ದೊಡ್ಡ ಅಧ್ಯಯನಗಳು ಲ್ಯಾಬ್‌ನ ವಿಧಾನದ್ದೂ ಸಣ್ಣ ಪಾತ್ರ ಇರಬಹುದೆಂದು ತೋರಿಸಿವೆ: ಶೈತ್ಯೀಕರಿಸಿದ ಭ್ರೂಣದಿಂದ ಹುಟ್ಟಿದ ಮಕ್ಕಳ ತೂಕ ತುಸು ಹೆಚ್ಚು, ತಾಜಾ ಭ್ರೂಣದ ಮಕ್ಕಳ ತೂಕ ತುಸು ಕಡಿಮೆ.

ಆಟಿಸಂ, ಕ್ಯಾನ್ಸರ್ ಬಗ್ಗೆ?

ಸ್ವೀಡನ್ನಿನ 25 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿದ 2013ರ ಅಧ್ಯಯನದಲ್ಲಿ ಒಟ್ಟಾರೆ ಐವಿಎಫ್‌ಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ.

ಅಮೆರಿಕದ 2019ರ ಅಧ್ಯಯನ "ಮಕ್ಕಳ ಕ್ಯಾನ್ಸರ್ ಶೇ. 17 ಹೆಚ್ಚು" ಎಂದಿತು. ಕೇಳಲು ಭಯವಾಗುತ್ತದೆ. ಲೆಕ್ಕ ಬಿಡಿಸಿ ನೋಡಿ: 10 ಲಕ್ಷ ಮಕ್ಕಳನ್ನು ಒಂದು ವರ್ಷ ಗಮನಿಸಿದರೆ ಐವಿಎಫ್ ಮಕ್ಕಳಲ್ಲಿ ಸುಮಾರು 252, ಇತರರಲ್ಲಿ 193 ಪ್ರಕರಣ. ಇತರ ಕಾರಣಗಳನ್ನು ಕಳೆದ ಮೇಲೆ ಉಳಿದ ವ್ಯತ್ಯಾಸವೇ ಆ ಶೇ. 17. ಅದೇ ವರ್ಷ ಪ್ರಕಟವಾದ, ಸರಾಸರಿ 21 ವರ್ಷ ಗಮನಿಸಿದ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಒಟ್ಟಾರೆ ಕ್ಯಾನ್ಸರ್ ಹೆಚ್ಚಿರಲಿಲ್ಲ.

ತಾಯಿಯ ಆರೋಗ್ಯ

ನೆದರ್ಲೆಂಡ್ಸ್‌ನಲ್ಲೇ 25,108 ಮಹಿಳೆಯರನ್ನು ಸುಮಾರು 21 ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಐವಿಎಫ್‌ನಿಂದ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಅದರಲ್ಲಿ ಕಂಡುಬರಲಿಲ್ಲ.

ನಿಜವಾಗಿ ಗಮನಿಸಬೇಕಾದ ಅಪಾಯಗಳು ಬೇರೆ. ಹಾರ್ಮೋನ್ ಇಂಜೆಕ್ಷನ್‌ಗೆ ಅಂಡಾಶಯ ಅತಿಯಾಗಿ ಪ್ರತಿಕ್ರಿಯಿಸಿ ಹೊಟ್ಟೆಯಲ್ಲಿ ನೀರು ತುಂಬುವುದು ಒಂದು. ಹೊಟ್ಟೆ ಉಬ್ಬರ, ತೂಕ ಬೇಗ ಏರುವುದು, ಉಸಿರಾಡಲು ಕಷ್ಟ, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಬಸಿರಿನಲ್ಲಿ ಬಿಪಿ ಏರುವುದು. ಶೈತ್ಯೀಕರಿಸಿದ ಭ್ರೂಣ ಬಳಸಿದಾಗ ಇದರ ಸಾಧ್ಯತೆ ತುಸು ಹೆಚ್ಚು.

ವಯಸ್ಸೂ ಮುಖ್ಯ. 2019ರಲ್ಲಿ ಆಂಧ್ರದ ಗುಂಟೂರಿನಲ್ಲಿ 70 ದಾಟಿದ ಮಹಿಳೆ ಅವಳಿ ಹೆತ್ತ ಸುದ್ದಿ ಎಲ್ಲ ಕಡೆ ಹರಿದಾಡಿತು. ಅದಕ್ಕೆ ಬಳಸಿದ್ದು ದಾನಿಯ ಅಂಡಾಣು ಎಂಬುದು ಎಷ್ಟೋ ಫಾರ್ವರ್ಡ್‌ಗಳಲ್ಲಿ ಇರಲಿಲ್ಲ. ದಾನಿಯ ಅಂಡಾಣುವಿನಿಂದ ಬಸಿರಾಗಬಹುದು, ಆದರೆ ಹೊರುವ ದೇಹದ ಹೃದಯ, ರಕ್ತನಾಳಗಳ ವಯಸ್ಸು ಕಡಿಮೆಯಾಗುವುದಿಲ್ಲ. 2021ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಈಗ ಮಹಿಳೆಗೆ 50, ಪುರುಷನಿಗೆ 55 ವಯಸ್ಸಿನ ಮಿತಿ ಇದೆ. ಕ್ಲಿನಿಕ್‌ಗಳ ನೋಂದಣಿಯೂ ಕಡ್ಡಾಯ.

ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

- ಎಷ್ಟು ಭ್ರೂಣ ಇಡುತ್ತೀರಿ? ನನ್ನ ವಯಸ್ಸಿಗೆ ಒಂದೇ ಸಾಕಾಗುವುದಿಲ್ಲವೇ?
- ನಮಗೆ ಇಕ್ಸಿ ಯಾಕೆ ಬೇಕು?
- ಅಂಡಾಶಯ ಅತಿಯಾಗಿ ಊದಿಕೊಳ್ಳದಂತೆ ಏನು ಮುನ್ನೆಚ್ಚರಿಕೆ ವಹಿಸುತ್ತೀರಿ?
- ನೀವು ಹೇಳುವ ಯಶಸ್ಸಿನ ಶೇಕಡಾವಾರು ಬಸಿರಿನದೋ, ಮನೆಗೆ ಬಂದ ಮಗುವಿನದೋ?

ಫಾರ್ವರ್ಡ್ ಮಾಡುವ ಮೊದಲು

ಶೇಕಡಾ ಲೆಕ್ಕ ಕಂಡರೆ, ಯಾರನ್ನು ಯಾರಿಗೆ ಹೋಲಿಸಿದ್ದಾರೆ, ಮೂಲ ಸಂಖ್ಯೆ ಎಷ್ಟು ಎಂದು ನೋಡಿ. ನಿಮ್ಮ ಗುಂಪಿನಲ್ಲೇ ಐವಿಎಫ್ ಮಾಡಿಸಿಕೊಂಡು ಯಾರಿಗೂ ಹೇಳದೆ ಇರುವ ತಾಯಿಯೊಬ್ಬರು ಇರಬಹುದು. "ಅಂಥ ಮಕ್ಕಳು ದುರ್ಬಲರು" ಎಂಬ ಸಾಲನ್ನು ಅವರೂ ಓದುತ್ತಾರೆ. ಒಂದೊಂದೇ ಆಗಿ ಹುಟ್ಟಿದ ಐವಿಎಫ್ ಮಕ್ಕಳಲ್ಲಿ ಬಹುಪಾಲು ಎಲ್ಲರಂತೆ ಆರೋಗ್ಯವಾಗಿಯೇ ಬೆಳೆದಿದ್ದಾರೆ. ಕಳುಹಿಸುವುದಾದರೆ ಈ ಮಾತನ್ನು ಕಳುಹಿಸಿ.