ಮೈನೋವಿನ ಮರೆಯಲ್ಲಿ ಮನದ ನೋವು

ಚಳ್ಳಕೆರೆ ದಾಟಿ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ, ಆಂಧ್ರದ ಗಡಿಗೆ ಸಮೀಪದಲ್ಲಿರುವ ಊರು ರಾಂಪುರ. ಮೊಳಕಾಲ್ಮುರು ತಾಲ್ಲೂಕಿನ ಈ ಸೀಮೆಯಲ್ಲಿ ಬಹುಜನರ ಬದುಕು ನಿಂತಿರುವುದು ಮಳೆಯನ್ನು ನಂಬಿ ಬಿತ್ತುವ ಶೇಂಗಾ ಮತ್ತು ಮಗ್ಗದಲ್ಲಿ ನೇಯುವ ರೇಷ್ಮೆ ಸೀರೆಯ ಮೇಲೆ. ಎರಡೂ ಮೈ ದಣಿಸುವ ಕಸುಬುಗಳೇ. ಆದ್ದರಿಂದ ಐವತ್ತು ದಾಟಿದವರೊಬ್ಬರು ‘ಮೈಯೆಲ್ಲಾ ನೋವು, ಸುಸ್ತು, ನಿದ್ದೆಯಿಲ್ಲ, ಊಟ ಸೇರದು’ ಎಂದರೆ ಅದರಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ರಕ್ತದೊತ್ತಡ ನೋಡಿ, ಸಕ್ಕರೆ ಪರೀಕ್ಷಿಸಿ, ಮಾತ್ರೆ ಕೊಟ್ಟು ಕಳಿಸುವುದು ಇಂಥ ಸೀಮೆಗಳ ಆಸ್ಪತ್ರೆಗಳ ರೂಢಿ. ಮೂರು ತಿಂಗಳ ನಂತರ ಅದೇ ವ್ಯಕ್ತಿ ಅದೇ ದೂರು ಹೊತ್ತು ಬಂದಾಗ ಸಕ್ಕರೆ ಇಳಿದಿರುವುದಿಲ್ಲ. ಮಾತ್ರೆ ಸರಿಯಾಗಿ ನುಂಗಿಲ್ಲವೆಂದು ಗದರಿಸಲಾಗುತ್ತದೆ. ಏಕೆ ನುಂಗಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಗೆ ಅನೇಕ ವೇಳೆ ಉತ್ತರ ಖಿನ್ನತೆ. ನಮ್ಮ ಜನ ಈ ಪದವನ್ನು ಬಳಸುವುದಿಲ್ಲ. ಮನಸ್ಸಿನ ಕುಸಿತವನ್ನು ಅವರು ಹೇಳಿಕೊಳ್ಳುವುದು ದೇಹದ ಭಾಷೆಯಲ್ಲಿ: ಎದೆ ಭಾರ, ಕೈಕಾಲು ಸೋತಂತೆ, ತಲೆಯೊಳಗೆ ಉರಿ. ಇದು ನಟನೆಯಲ್ಲ, ನೋವು ನಿಜವಾದುದೇ. ಅಷ್ಟೇ ಅಲ್ಲ, ದೀರ್ಘಕಾಲದ ಕಾಯಿಲೆ ಮತ್ತು ಖಿನ್ನತೆ ಒಂದನ್ನೊಂದು ಬೆಳೆಸುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು. ಖಿನ್ನರಾದವರು ಮಾತ್ರೆ ಮರೆಯುತ್ತಾರೆ, ಪಥ್ಯ ಕೈಬಿಡುತ್ತಾರೆ, ನಡೆಯುವುದನ್ನು ನಿಲ್ಲಿಸುತ್ತಾರೆ. ಹೃದಯಾಘಾತದಿಂದ ಉಳಿದುಬಂದವರಲ್ಲಿ ಖಿನ್ನತೆಯಿದ್ದರೆ ಸಾವಿನ ಅಪಾಯ ಏರುತ್ತದೆಂಬುದು ವೈದ್ಯಲೋಕ ಒಪ್ಪಿರುವ ಸಂಗತಿ. ಇನ್ನೊಂದೆಡೆ, ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಅಭಾವಗಳು ಖಿನ್ನತೆಯ ವೇಷದಲ್ಲೇ ಬರಬಹುದು. ದೇಹ, ಮನಸ್ಸುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಪರೀಕ್ಷಿಸಿದರೆ ಎರಡರಲ್ಲೂ ಎಡವುವುದು ಖಚಿತ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆಗೆ ಗುರಿಯಾದವರು. ನಲವತ್ತರ ಹರೆಯದವರಲ್ಲಿ ಅದು ಹೆಚ್ಚು. ಹೀಗೆ ಬಳಲುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇವರೆಲ್ಲ ವೈದ್ಯರ ಮುಖವನ್ನೇ ಕಾಣದವರೆಂದು ಭಾವಿಸಬೇಕಿಲ್ಲ. ಬೇರೊಂದು ಕಾಯಿಲೆಗಾಗಿ ತಿಂಗಳು ತಿಂಗಳೂ ಅದೇ ಬಾಗಿಲಿಗೆ ಬಂದು ಹೋದವರೂ ಇವರಲ್ಲಿದ್ದಾರೆ.

ಪರಿಹಾರಕ್ಕೆ ರಾಂಪುರದವರು ದೂರ ನೋಡಬೇಕಿಲ್ಲ. ಪಕ್ಕದ ಬಳ್ಳಾರಿಯಲ್ಲೇ 1985ರಿಂದ ಐದು ವರ್ಷ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ, ಅಲ್ಲಿಯೇ ಮನೋರೋಗಕ್ಕೆ ಔಷಧಿ ಸಿಗುವಂತೆ ಮಾಡಲಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ತಳಹದಿ. ಇತ್ತೀಚೆಗೆ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ರಾಮನಗರ ಜಿಲ್ಲೆಯ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೇ ಖಿನ್ನತೆಗೂ ಒಂದೇ ಸೂರಿನಡಿ ಚಿಕಿತ್ಸೆ ನೀಡಿತು. ಅಲ್ಲಿ ಖಿನ್ನತೆ ಹೆಚ್ಚು ತಗ್ಗಿತು. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣಗಳ ಸಕ್ಕರೆ ಕಾಯಿಲೆ ಚಿಕಿತ್ಸಾಲಯಗಳಲ್ಲಿ 404 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೂ ಹೀಗೇ ಹೇಳುತ್ತದೆ. ಎರಡು ವರ್ಷಗಳ ಕೊನೆಗೆ ಜಂಟಿ ಚಿಕಿತ್ಸೆ ಪಡೆದವರಲ್ಲಿ ಶೇ 71ಕ್ಕೂ ಹೆಚ್ಚು ಮಂದಿಯ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ ಅಥವಾ ಕೊಲೆಸ್ಟ್ರಾಲ್ ಸುಧಾರಿಸಿತ್ತು. ಸಾಮಾನ್ಯ ಚಿಕಿತ್ಸೆಯವರಲ್ಲಿ ಈ ಪ್ರಮಾಣ ಶೇ 57.

‘ಮಳೆ ಬರಲಿ, ನೂಲಿನ ಬೆಲೆ ಇಳಿಯಲಿ, ಖಿನ್ನತೆ ತಾನಾಗಿ ಹೋಗುತ್ತದೆ’ ಎನ್ನುವವರಿದ್ದಾರೆ. ಸಾಲ, ಬರ, ಊರುಬಿಟ್ಟ ಮಕ್ಕಳು ಇವೆಲ್ಲ ನಿಜವಾದ ಕಾರಣಗಳೇ. ಮಾತ್ರೆಯಿಂದ ಸಾಲ ತೀರದು. ಆದರೆ ಕಲ್ಲಿನ ಮೇಲೆ ಬಿದ್ದು ಮೂಳೆ ಮುರಿದವನಿಗೆ, ದಾರಿ ದುರಸ್ತಿಯಾಗುವವರೆಗೂ ಪಟ್ಟಿ ಕಟ್ಟುವುದಿಲ್ಲವೆಂದು ನಾವು ಹೇಳುತ್ತೇವೆಯೇ? ಬದುಕಿನೊಡನೆ ಹೋರಾಡಲು ಬೇಕಾದ ಬಲವನ್ನೇ ಖಿನ್ನತೆ ಹೀರುತ್ತದೆ. ಆ ಬಲವನ್ನು ಮರಳಿಸುವುದಷ್ಟೇ ಚಿಕಿತ್ಸೆಯ ಕೆಲಸ. ‘ವಯಸ್ಸಾಯಿತು, ಇನ್ನೇನು’ ಎಂಬ ಮಾತೂ ಅಷ್ಟೇ ಅಪಾಯಕಾರಿ. ಮುಪ್ಪು ಸಹಜ, ಖಿನ್ನತೆ ಮುಪ್ಪಿನ ಲಕ್ಷಣವಲ್ಲ.

ಆಗಬೇಕಾದುದು ದೊಡ್ಡದೇನಲ್ಲ. ಮೂವತ್ತು ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲೇ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಯಿತೇ? ಬೇಸರ, ಹತಾಶೆ ಕಾಡಿತೇ? ಇವನ್ನು ಕಾಗದದ ಕೆಲಸವೆಂದು ಮುಗಿಸದೆ, ಎದುರು ಕುಳಿತು ಕೇಳಬೇಕು. ಹೌದೆಂದವರನ್ನು ವೈದ್ಯರು ಅದೇ ದಿನ ನೋಡಿ, ಥೈರಾಯ್ಡ್, ರಕ್ತಹೀನತೆಗಳನ್ನೂ ಪರೀಕ್ಷಿಸಬೇಕು. ಸಕ್ಕರೆಯ ಮಾತ್ರೆ ಸಿಗುವ ಕಿಟಕಿಯಲ್ಲೇ ಖಿನ್ನತೆಯ ಮಾತ್ರೆಯೂ ಸಿಗಬೇಕು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರಬೇಕೆಂಬ ‘ಮನೋಚೈತನ್ಯ’ ಯೋಜನೆ ರಾಜ್ಯದಲ್ಲಿದೆ. ಆ ಮಂಗಳವಾರಗಳು ತಪ್ಪಬಾರದು. 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಬಹುದೆಂಬುದು ಊರಿನ ಬಸ್ ನಿಲ್ದಾಣದ ಗೋಡೆಯ ಮೇಲೂ ಕಾಣಬೇಕು.

ಮನೆಯವರ ಪಾತ್ರವೂ ಕಡಿಮೆಯದಲ್ಲ. ನಗರದಲ್ಲಿರುವ ಮಕ್ಕಳು ಫೋನಿನಲ್ಲಿ ‘ಶುಗರ್ ಎಷ್ಟಿದೆ, ಮಾತ್ರೆ ತಗೊಂಡೆಯಾ’ ಎಂದು ಕೇಳುತ್ತಾರೆ. ಅದರ ಜೊತೆಗೆ ‘ಮನಸ್ಸು ಹೇಗಿದೆ’ ಎಂದೂ ಕೇಳಿ, ಉತ್ತರ ಬರುವವರೆಗೆ ಕಾಯುವ ವ್ಯವಧಾನ ಅವರಿಗಿರಲಿ.